ಕಣಕ್ಕೆ ಇಳಿಯುವ ಮುನ್ನ

ಕಳೆದ ಶ್ರಾವಣ ಮಾಸದಲ್ಲಿ, ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿ ಈಗ ಪುಣೆಯಲ್ಲಿ ಉದ್ಯೋಗಸ್ಥನಾಗಿರುವ ತರುಣನೊಬ್ಬನು ದರ್ಶನಕ್ಕೆಂದು ಬಂದಿದ್ದನು. ಪ್ರಸಾದವಾದ ಮೇಲೆ ಕುಶಲಪ್ರಶ್ನೆ ನಡೆದಿರಲಾಗಿ ಆತನು ತನ್ನ ಮೊಬೈಲಿನಲ್ಲಿ ಒಂದು ದೃಶ್ಯವನ್ನು ನಮಗೆ ತೋರಿಸಿದನು. ಇಬ್ಬರು ಜಟ್ಟಿಗಳು ಹಣೆಗೆ ಹಣೆ ತಾಗಿಸಿ ನಿಂತಿದ್ದಾರೆ. ಕಣ್ಣು ಕೆಕ್ಕರಿಸಿದೆ, ದವಡೆ ಬಿಗಿದಿದೆ. ಇನ್ನೊಂದು ಕ್ಷಣ ಹೋದರೆ ಒಬ್ಬನನ್ನೊಬ್ಬನು ಕಚ್ಚಿಯಾರು ಎಂಬಂತಿದೆ. ಆದರೆ ಅವರು ಇನ್ನೂ ಕಾದಾಡುತ್ತಿಲ್ಲ, ಕಾದಾಟವಿರುವುದು ಮರುದಿನ. ಅಂದು ಮೈತೂಕ ನೋಡುವ ಶಾಸ್ತ್ರವಷ್ಟೇ. ಮುಷ್ಟಿ, ಒದೆ, ಕುಸ್ತಿಯ ಹಿಡಿತ ಎಲ್ಲಕ್ಕೂ ಎಡೆಯಿರುವ ಈ ಮಿಶ್ರ ಸಮರಕಲೆಯು 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಒಂದು ಪಂದ್ಯಾವಳಿಯಿಂದ ಹೆಸರಿಗೆ ಬಂದು, ಇಂದು ನಮ್ಮ ಹಳ್ಳಿಯ ಹುಡುಗರ ಅಂಗೈಗೂ ಬಂದು ಕುಳಿತಿದೆ. ತರುಣನು ಕೇಳಿದನು: “ಅಜ್ಜಾರ, ಎದುರಾಳಿಯ ಮುಂದ ನಿಲ್ಲೂಕಿಂತ ಮೊದಲ ಮನಸ್ಸು ಹಿಂಗ ಇರಬೇಕೇನ್ರಿ? ಸಿಟ್ಟಿಲ್ಲದ ಗೆಲ್ಲಾಕ ಆಗೂದಿಲ್ಲೇನ್ರಿ?”

ನಾವು ಕೂಡಲೆ ಉತ್ತರ ಕೊಡಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಮತ್ತೊಂದು ರೂಪದಲ್ಲಿ ಮೂವತ್ತು ವರ್ಷಗಳ ಹಿಂದೆ ಯಮಕನಮರಡಿಯಲ್ಲಿ ಮತ್ತೊಬ್ಬ ತರುಣನು ನಮ್ಮನ್ನು ಕೇಳಿದ್ದನು. ಅಂದು ನಾವು ಸ್ವಲ್ಪವೂ ತಡಮಾಡದೆ ಉತ್ತರ ಕೊಟ್ಟಿದ್ದೆವು. ಆ ಉತ್ತರದ ಭಾರ ಇಂದಿಗೂ ನಮ್ಮ ಮೇಲಿದೆ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಯಮಕನಮರಡಿಯು ಹುಕ್ಕೇರಿ ತಾಲೂಕಿನಲ್ಲಿ, ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ ಇರುವ ಊರೆಂಬುದು ನಮ್ಮ ವಾಚಕರಿಗೆ ತಿಳಿದದ್ದೇ. ಅದೇ ಹೆದ್ದಾರಿ ಮುಂದೆ ಕೊಲ್ಹಾಪುರಕ್ಕೆ ಹೋಗುತ್ತದೆ. ಶಾಹೂ ಮಹಾರಾಜರು ಖಾಸಬಾಗದ ಕುಸ್ತಿ ಮೈದಾನವನ್ನು ಕಟ್ಟಿಸಿದ ಕೊಲ್ಹಾಪುರದ ಗಾಳಿ ಈ ಸೀಮೆಗೆ ಮೊದಲಿನಿಂದಲೂ ಬೀಸುತ್ತ ಬಂದಿದೆ. ಇಲ್ಲಿ ಗರಡಿಯನ್ನು ತಾಲೀಮು ಎನ್ನುತ್ತಾರೆ, ಕಲಿಸುವ ಹಿರಿಯನನ್ನು ವಸ್ತಾದ ಎನ್ನುತ್ತಾರೆ. ಚಿಕ್ಕೋಡಿ ಸೀಮೆಯ ಏಕಸಂಬಾ ಗ್ರಾಮದಲ್ಲಿ ಹುಟ್ಟಿ ಕೊಲ್ಹಾಪುರದ ಮಣ್ಣಿನಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ದಿಲ್ಲಿಯಲ್ಲಿ ಬಂತಾಸಿಂಗನನ್ನು ಕೆಡವಿ ಮೊತ್ತಮೊದಲ ಹಿಂದ್ ಕೇಸರಿ ಎನಿಸಿದ ಸುದ್ದಿಯನ್ನು ಈ ಭಾಗದ ಮುದುಕರು, ಅವರು 2020ರಲ್ಲಿ ತೀರಿಕೊಂಡ ಮೇಲೂ, ನಿನ್ನೆ ನಡೆದಂತೆಯೇ ಹೇಳುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮಲ್ಲರ ದರ್ಜೆಗಳನ್ನೂ ಆಹಾರವನ್ನೂ ಸಾಧನೆಯನ್ನೂ ವಿವರಿಸಿದ್ದಾನೆ. ಕನ್ನಡ ನಾಡಿಗೆ ಮಲ್ಲವಿದ್ಯೆ ಹೊಸದಲ್ಲ.

ಆಗ ನಾವು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ ಬಂದಿದ್ದೆವು. ವಯಸ್ಸು ಚಿಕ್ಕದು, ವಿದ್ಯೆಯ ಬಿಸಿ ಹೆಚ್ಚು. ಜಾತ್ರೆಯ ನಿಮಿತ್ತ ಹನ್ನೊಂದು ದಿನಗಳ ಪ್ರವಚನಕ್ಕೆಂದು ಯಮಕನಮರಡಿಗೆ ನಮ್ಮನ್ನು ಕರೆಸಿದ್ದರು. ಪ್ರವಚನ ಮುಗಿದ ಮರುದಿನ ಜಾತ್ರೆಯ ಕುಸ್ತಿ. ಅದೂ ನಿಕಾಲಿ ಕುಸ್ತಿ. ಒಬ್ಬನ ಬೆನ್ನು ನೆಲ ಮುಟ್ಟುವವರೆಗೆ ಬಿಡುವಂತಿಲ್ಲ, ಸಮಸಮವೆಂಬ ಮಾತಿಲ್ಲ. ಹನ್ನೊಂದನೆಯ ದಿನದ ರಾತ್ರಿ ಭಕ್ತರೆಲ್ಲ ಎದ್ದು ಹೋದ ಮೇಲೆ ಸುಮಾರು ಇಪ್ಪತ್ತು ವರ್ಷದ ಒಬ್ಬ ಪೈಲವಾನನು ಬಂದು ಅಡ್ಡಬಿದ್ದು, ಏಳದೆ ಅಲ್ಲಿಯೇ ಕುಳಿತನು. ಗೇಣುದ್ದದ ಭುಜ, ಎಮ್ಮೆಯ ಕರುವಿನಂಥ ಕೊರಳು. ಆದರೆ ವಿಭೂತಿಗೆಂದು ಚಾಚಿದ ಕೈ ನಡುಗುತ್ತಿತ್ತು.

“ಅಜ್ಜಾರ, ನಾಳಿ ನನ್ನ ಕುಸ್ತಿ ಐತ್ರಿ. ಮೂರ ರಾತ್ರಿ ಆತು, ನಿದ್ದಿ ಇಲ್ರಿ. ಕಣ್ಣ ಮುಚ್ಚಿದ್ರ ಅಂವನ ಬಂದ ನಿಂದರತಾನ್ರಿ. ಕೈ ನೋಡ್ರಿ ಹೆಂಗ ನಡಗತಾವು. ನಾ ಹೇಡಿ ಏನ್ರಿ?”

ನಾವು ಹೇಳಿದೆವು: “ವೀರನಾದವಗ ಅಂಜಿಕಿ ಇರೂದಿಲ್ಲ, ತಮ್ಮಾ. ಅಂವ ನಿನ್ನ ಮಾನ ತಗಿಯಾಕ ಬಂದಾನ ಅಂತ ತಿಳಕೊ. ವೈರಿ ಅಂತ ನೋಡು. ನಡುಗ ತಾನ ಹೋಗತೈತಿ.”

ತರುಣನ ಮುಖ ಬದಲಾಯಿತು. ಕೈ ನಡುಗುವುದು ನಿಂತಿತು. ನಮ್ಮ ಮಾತಿನ ಶಕ್ತಿಯನ್ನು ಕಂಡು ನಾವೇ ಒಳಗೊಳಗೆ ಹಿಗ್ಗಿದೆವೆಂದು ಇಂದು ಒಪ್ಪಿಕೊಳ್ಳಬೇಕು.

ಮರುದಿನ ಮಧ್ಯಾಹ್ನ ನಮ್ಮನ್ನೂ ಕಣದ ಅಂಚಿಗೆ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿದ್ದರು. ಹಲಗೆಯ ಸದ್ದು, ಧೂಳು, ಮರದ ಮೇಲೆ ಹತ್ತಿ ಕುಳಿತ ಹುಡುಗರು. ಎದುರಾಳಿಯು ಗೋಕಾಕ ಸೀಮೆಯ ಒಂದು ಸಣ್ಣ ಹಳ್ಳಿಯವನು, ಒಕ್ಕಲುತನದ ಮನೆಯ ಒಬ್ಬನೇ ಮಗ. ಪದ್ಧತಿಯಂತೆ ಅವನು ಬಾಗಿ ಒಂದು ಹಿಡಿ ಕೆಂಪು ಮಣ್ಣನ್ನೆತ್ತಿ ನಮ್ಮ ಹುಡುಗನ ಭುಜಕ್ಕೆ ಹಚ್ಚಲು ಕೈ ಮುಂದೆ ಮಾಡಿದನು. ನಮ್ಮವನು ಆ ಕೈಯನ್ನೇ ಹಿಡಿದನು. ಮಣ್ಣು ಹಚ್ಚುವುದೂ ಮುಗಿಯಲಿಲ್ಲ, ಪಂಚರು ಕೂಗಿದ್ದೂ ಅವನಿಗೆ ಕೇಳಲಿಲ್ಲ. ಹಿಡಿದ ಕೈಯನ್ನು ಹಿಂದಕ್ಕೆ ತಿರುವಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಕೆಡವಿದನು. ಭುಜದ ಕೀಲು ತಪ್ಪಿದ ಸದ್ದು ನಾವು ಕುಳಿತಲ್ಲಿಗೂ ಕೇಳಿಸಿತು. ಬೆನ್ನು ನೆಲಕ್ಕೆ ಹತ್ತಿತ್ತು. ಸ್ವಲ್ಪ ಹೊತ್ತು ವಾದವಾಗಿ, ಕೊನೆಗೆ ಗೆಲುವನ್ನು ನಮ್ಮವನಿಗೇ ಕೊಟ್ಟರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಲಗೆಯವನೂ ಸುಮ್ಮನೆ ನಿಂತಿದ್ದನು.

ಸಂಜೆ ಅವನು ಗೆದ್ದ ಪಟಗವನ್ನು ತಂದು ನಮ್ಮ ಪಾದದ ಬಳಿ ಇಟ್ಟು ಮಾತನಾಡದೆ ಹೋದನು. ಅವನ ಹಿಂದೆಯೇ ಬಂದ ವಸ್ತಾದನು, ಅರವತ್ತು ದಾಟಿದ ಹಿರಿಯ, ಬಾಗಿಲಲ್ಲಿಯೇ ನಿಂತು ಕೇಳಿದ್ದು ಒಂದೇ ಮಾತು: “ಅಜ್ಜಾರ, ನಿನ್ನಿ ರಾತ್ರಿ ಹುಡುಗಗ ಏನ ಹೇಳಿದ್ರಿ?” ನಾವು ಹೇಳಿದ್ದನ್ನು ಹೇಳಿದೆವು. ಅವನು ತಲೆ ತಗ್ಗಿಸಿ, “ಆತ್ರಿ” ಎಂದು ಹೊರಟುಹೋದನು. ಬೈದಿದ್ದರೆ ಹಗುರವಾಗುತ್ತಿತ್ತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಉಪದೇಶದಿಂದ ಅವನು ಸೋತಿದ್ದರೆ ವಿಚಾರ ಸುಲಭವಾಗುತ್ತಿತ್ತು; ದ್ವೇಷದಿಂದ ಸೋಲು ಬರುತ್ತದೆ ಎಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಅವನು ಗೆದ್ದನು. ಔಷಧವು ಕೆಲಸ ಮಾಡಿತು. ಆದುದರಿಂದ ಕೇಳಬೇಕಾದ ಪ್ರಶ್ನೆ ‘ಯಾವ ಮನಸ್ಸು ಗೆಲ್ಲಿಸುತ್ತದೆ’ ಎಂಬುದಷ್ಟೇ ಅಲ್ಲ. ಒಬ್ಬ ಮನುಷ್ಯನನ್ನು ಕೆಡವಲೆಂದೇ ಹೊರಟ ಇನ್ನೊಬ್ಬ ಮನುಷ್ಯನು ಅವನನ್ನು ತನ್ನ ಮನಸ್ಸಿನಲ್ಲಿ ಯಾವ ರೂಪದಿಂದ ಇಟ್ಟುಕೊಳ್ಳಬೇಕು, ಎಂಬುದು.

ಮೊದಲು ಆ ನಡುಗುವ ಕೈಯ ವಿಚಾರ. ಅದನ್ನು ನಾವು ಅಂಜಿಕೆಯೆಂದು ಓದಿದೆವು. ಹಾಗೆ ಓದಲು ನಮಗೆ ಅಧಿಕಾರವಿರಲಿಲ್ಲ. ಏಕೆಂದರೆ ನಾವೇ ಪಾಠ ಹೇಳಿಸಿಕೊಂಡ ಭರತನ ನಾಟ್ಯಶಾಸ್ತ್ರವು ಬೇರೆಯೇ ಹೇಳುತ್ತದೆ. ಕಂಪನವು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದು. ಅದು ಚಳಿಯಿಂದ ಬರಬಹುದು, ಭಯದಿಂದ ಬರಬಹುದು, ಹರ್ಷದಿಂದ, ರೋಷದಿಂದ, ಸ್ಪರ್ಶದಿಂದ, ಮುಪ್ಪಿನಿಂದಲೂ ಬರಬಹುದು ಎಂದು ಭರತನು ಎಣಿಸಿದ್ದಾನೆ. ಬೆವರಿನ ಮಾತೂ ಹಾಗೆಯೇ. ಮೈಯ ಲಕ್ಷಣವೊಂದೇ, ಅದರ ಹಿಂದಿನ ಭಾವ ಹಲವು. 1915ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ಪ್ರಕಟಿಸಿದ ಗ್ರಂಥವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳಿಂದ ಅಡ್ರಿನಲಿನ್ ಒಸರಿದಾಗ ಎದೆ ಬಡಿದುಕೊಳ್ಳುತ್ತದೆ, ರಕ್ತವು ಹೊಟ್ಟೆಯನ್ನು ಬಿಟ್ಟು ಸ್ನಾಯುಗಳ ಕಡೆಗೆ ಹರಿಯುತ್ತದೆ, ರಕ್ತದಲ್ಲಿ ಸಕ್ಕರೆಯು ಏರುತ್ತದೆ. ಓಡಿಹೋಗುವ ಪ್ರಾಣಿಗೂ ಮೇಲೆ ಬೀಳುವ ಪ್ರಾಣಿಗೂ ಆಗುವ ಬದಲಾವಣೆ ಒಂದೇ ತೆರ. ಹಾಗಾದರೆ ಕೈ ನಡುಗಿದ್ದು ಹೇಡಿತನದ ಸಾಕ್ಷಿಯಲ್ಲ. ಮೈಯು ಒಂದು ದೊಡ್ಡ ಕೆಲಸಕ್ಕೆ ಕಟ್ಟಿಕೊಂಡು ನಿಂತಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅದಕ್ಕೆ ಹೆಸರಿಡುವುದು ಮನಸ್ಸಿನ ಕೆಲಸ. ಆ ಹುಡುಗನು ಹೆಸರು ಕೇಳಿಕೊಂಡು ನಮ್ಮಲ್ಲಿಗೆ ಬಂದಿದ್ದನು.

ನಾವು ಇಟ್ಟ ಹೆಸರು ಸಿಟ್ಟು. ಇಲ್ಲಿಯೂ ಭರತನು ನಮ್ಮನ್ನು ತಡೆಯಬೇಕಾಗಿತ್ತು. ವೀರರಸ, ರೌದ್ರರಸಗಳೆರಡೂ ರಣರಂಗದಲ್ಲಿಯೇ ಕಾಣಿಸಿಕೊಳ್ಳುವುವು. ದೂರದಿಂದ ನೋಡುವವನಿಗೆ ಎರಡೂ ಒಂದೇ ಎನಿಸುವುವು. ಆದರೆ ವೀರದ ಸ್ಥಾಯಿಭಾವ ಉತ್ಸಾಹ, ರೌದ್ರದ ಸ್ಥಾಯಿಭಾವ ಕ್ರೋಧ. ರೌದ್ರವನ್ನು ಅವನು ರಾಕ್ಷಸರಿಗೆ, ದಾನವರಿಗೆ, ಉದ್ಧತರಾದ ಮನುಷ್ಯರಿಗೆ ಕೊಟ್ಟಿದ್ದಾನೆ. ವೀರವನ್ನು ಉತ್ತಮ ಪ್ರಕೃತಿಯವರಿಗೆ ಕೊಟ್ಟು, ಅದನ್ನು ಹುಟ್ಟಿಸುವ ಕಾರಣಗಳಲ್ಲಿ ಅಸಂಮೋಹ, ಅಧ್ಯವಸಾಯ, ನಯ, ವಿನಯಗಳನ್ನು ಬಲಪರಾಕ್ರಮಗಳ ಜತೆಗೇ ಹೆಸರಿಸಿದ್ದಾನೆ. ಅಸಂಮೋಹ ಎಂದರೆ ಮಂಕು ಕವಿಯದಿರುವುದು, ಇದ್ದದ್ದನ್ನು ಇದ್ದಂತೆ ಕಾಣುವುದು. ಪಂಚರ ಕೂಗನ್ನು ಕೇಳಿಸಿಕೊಳ್ಳುವ ಕಿವಿ ಅದು. ನಾವು ಆ ಹುಡುಗನಿಂದ ಕಿತ್ತುಕೊಂಡದ್ದು ಅದನ್ನೇ. ‘ವೀರ’ ಎಂಬ ಶಬ್ದವನ್ನು ನಮ್ಮ ಹೆಸರಿನಲ್ಲಿಯೇ ಹೊತ್ತು ತಿರುಗುವವರು ನಾವು. ಅದಕ್ಕೂ ರೌದ್ರಕ್ಕೂ ಇರುವ ಅಂತರ ಬಾಯಿಪಾಠವಾಗಿತ್ತೇ ಹೊರತು ಬೇಕಾದಾಗ ನೆನಪಿಗೆ ಬರಲಿಲ್ಲ.

ಧಾರವಾಡದಲ್ಲಿ ಅರಿಸ್ಟಾಟಲನನ್ನು ಓದುವಾಗಲೂ ಇದೇ ಅಂತರ ಎದುರಾಗಿತ್ತು. ಧೈರ್ಯಶಾಲಿಯೆಂದರೆ ಅಂಜದವನು ಎಂದು ಆ ಯವನ ದಾರ್ಶನಿಕನು ಹೇಳುವುದಿಲ್ಲ. ಅಂಜಬೇಕಾದುದಕ್ಕೆ ಅಂಜಬೇಕಾದಷ್ಟು ಅಂಜಿ, ಆದರೂ ನಿಲ್ಲಬೇಕಾದ ಸ್ಥಳದಲ್ಲಿ ನಿಲ್ಲುವವನೇ ಧೈರ್ಯಶಾಲಿ. ಏನಕ್ಕೂ ಅಂಜದವನನ್ನು ಅವನು ಹುಚ್ಚನ ಪಂಕ್ತಿಗೆ ಸೇರಿಸುತ್ತಾನೆ. ಸಿಟ್ಟಿನ ವೇಗದಿಂದ ಅಪಾಯಕ್ಕೆ ನುಗ್ಗುವವರು ಧೈರ್ಯಶಾಲಿಗಳಂತೆ ಕಾಣುತ್ತಾರೆ, ಗಾಯಗೊಂಡು ಬೇಟೆಗಾರನ ಮೇಲೆ ಬೀಳುವ ಮೃಗವೂ ಹಾಗೆಯೇ ಕಾಣುತ್ತದೆ. ಅದು ಧೈರ್ಯವಲ್ಲ ಎಂಬುದು ಅವನ ನಿರ್ಣಯ. ಈ ಮಾತುಗಳನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು.

ಅಂಜಿಕೆಗೂ ಒಂದು ಅಳತೆಯಿರಬಹುದು ಎಂಬುದಕ್ಕೆ ಮಲ್ಲರ ಚರಿತ್ರೆಯಲ್ಲಿಯೇ ಒಂದು ಪ್ರಸಂಗವಿದೆ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲವಾನನಿಗೂ ಪೋಲೆಂಡಿನ ಜ್ಬಿಸ್ಕೊ ಎಂಬ ಮಹಾಮಲ್ಲನಿಗೂ ಕುಸ್ತಿ ನಡೆಯಿತು. ಗಾಮಾನ ಹಿಡಿತದ ರುಚಿ ಆರಂಭದಲ್ಲಿಯೇ ಕಂಡ ಜ್ಬಿಸ್ಕೊ ಚಾಪೆಗೆ ಅಂಟಿಕೊಂಡು ಮಲಗಿದವನು ಎರಡೂವರೆ ತಾಸಿಗೂ ಹೆಚ್ಚು ಕಾಲ ಬಹುಮಟ್ಟಿಗೆ ಹಾಗೆಯೇ ಇದ್ದನು. ಕುಸ್ತಿ ನಿರ್ಣಯವಾಗದೆ ನಿಂತಿತು. ಮುಂದಿನ ವಾರದ ಕುಸ್ತಿಗೆ ಅವನು ಬರಲೇ ಇಲ್ಲ. ಪಟ್ಟ ಗಾಮಾನಿಗೆ ಸಂದಿತು. ನಮ್ಮಲ್ಲಿ ಈ ಕಥೆಯನ್ನು ನಗಾಡುತ್ತ ಹೇಳುವುದುಂಟು. ನಮಗೇನೋ ಮಲಗಿದವನ ಬಗ್ಗೆ ಅಷ್ಟು ನಗು ಬರುವುದಿಲ್ಲ. ಎದುರಿಗಿದ್ದವನು ಯಾರೆಂದು ಅವನು ಸರಿಯಾಗಿ ಅಳೆದಿದ್ದನು. ಮತ್ತು ಹದಿನೆಂಟು ವರ್ಷಗಳ ತರುವಾಯ, 1928ರಲ್ಲಿ, ತಾನಾಗಿ ಪಟಿಯಾಲಕ್ಕೆ ಬಂದು ಅದೇ ಗಾಮಾನ ಮುಂದೆ ಮತ್ತೆ ನಿಂತನು. ಈ ಸಲ ಒಂದು ನಿಮಿಷವೂ ಹಿಡಿಯಲಿಲ್ಲ, ಚಿತ್ತಾದನು. ಬರಬೇಕಾದ ಒತ್ತಾಯವೇನೂ ಇರಲಿಲ್ಲ, ಬಂದನು. ಲಂಡನ್ನಿನಲ್ಲಿ ಮಲಗಿದ್ದಕ್ಕೂ ಪಟಿಯಾಲದಲ್ಲಿ ಬಿದ್ದದ್ದಕ್ಕೂ ಇರುವ ವ್ಯತ್ಯಾಸವನ್ನು ಹೇಡಿತನ, ಶೌರ್ಯ ಎಂಬ ಎರಡೇ ಪದಗಳಿಂದ ಅಳೆಯುವುದು ಕಷ್ಟ.

ಇನ್ನು ಸಿಟ್ಟು. ಎದುರಾಳಿಯ ಸಿಟ್ಟನ್ನೇ ಆಯುಧವಾಗಿಸಿ ಅವನನ್ನು ಕೆಡವುವ ಕಲೆ ಬಹಳ ಹಳೆಯದು. ಮುಧೋಳದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನ ‘ಗದಾಯುದ್ಧ’ವನ್ನು ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಭೀಷ್ಮರ ಮಾತಿನಂತೆ ದುರ್ಯೋಧನನು ಆ ಒಂದು ದಿನವನ್ನು ವೈಶಂಪಾಯನ ಸರೋವರದೊಳಗೆ ಕಳೆಯಬೇಕಾಗಿತ್ತು. ಮಂತ್ರವಿತ್ತು, ನೀರಿತ್ತು, ನೀರು ತಂಪಾಗಿತ್ತು. ಅವನನ್ನು ಹೊರಗೆಳೆದದ್ದು ಭೀಮನ ಗದೆಯಲ್ಲ, ಭೀಮನ ಮೂದಲಿಕೆ. ಕೊಳದೊಳಗಿದ್ದವನ ಮೈಯಲ್ಲಿ ರೋಷದಿಂದ ಬೆವರು ಕಿತ್ತಿತೆಂದು ಕವಿಯು ಬಣ್ಣಿಸಿದ್ದನ್ನು ಓದಿ ತಲೆದೂಗದ ಕನ್ನಡಿಗನಿಲ್ಲ. ಆ ಬೆವರಿನಲ್ಲಿಯೇ ಅಂದಿನ ಯುದ್ಧ ಅರ್ಧ ಮುಗಿದಿತ್ತೆಂದು ನಮಗೆ ತೋರುತ್ತದೆ. ಕಾಯಬೇಕೆಂಬ ಬುದ್ಧಿ ಅಲ್ಲಿ ಕರಗಿತು.

ಪುಣೆಯ ತರುಣನು ಅಂದು ತೋರಿಸಿದ ದೃಶ್ಯಗಳಲ್ಲಿ ಇದಕ್ಕೆ ಜೋಡಿಯಾದುದೊಂದಿತ್ತು. ಬ್ರೆಜಿಲ್ ದೇಶದ ಜೋಸೆ ಆಲ್ಡೊ ಎಂಬುವನು ಹತ್ತು ವರ್ಷ ಸೋಲನ್ನೇ ಕಾಣದ ಮಲ್ಲ. ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎಂಬ ಎದುರಾಳಿಯು ತಿಂಗಳುಗಟ್ಟಲೆ ಊರೂರು ತಿರುಗಿ, ಸಭೆ ಸಭೆಗಳಲ್ಲಿ ಅವನನ್ನು ಹಂಗಿಸಿದನು. ಒಮ್ಮೆಯಂತೂ ಅವನ ಮುಂದಿದ್ದ ಪಟ್ಟವನ್ನೇ ಕಸಿದು ಮೇಲೆತ್ತಿ ತೋರಿಸಿದನು. 2015ರ ಡಿಸೆಂಬರ್ 12ರಂದು ಲಾಸ್ ವೇಗಾಸಿನಲ್ಲಿ ಇಬ್ಬರೂ ಎದುರಾದಾಗ ಆಲ್ಡೊ ಮುನ್ನುಗ್ಗಿದನು. ಹಿಂದಕ್ಕೆ ಸರಿಯುತ್ತಲೇ ಬೀಸಿದ ಎದುರಾಳಿಯ ಎಡಗೈ ಅವನ ದವಡೆಗೆ ಬಿದ್ದಿತು. ಹದಿಮೂರು ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ನುಗ್ಗಿದ ಆಲ್ಡೊನ ಒಳಗೆ ಏನಿತ್ತೆಂಬುದನ್ನು ಹೊರಗಿನವರು ಹೇಳುವುದು ತರವಲ್ಲ. ಆದರೆ ನೋಡಿದ ಬಹುಜನರು ಅದನ್ನು ಮೂದಲಿಕೆಯ ಫಲವೆಂದೇ ಓದಿದರು. ಆ ದೃಶ್ಯ ನೋಡುವಾಗ ನಮಗೆ ಕಂಡದ್ದು ಮಾತ್ರ ಯಮಕನಮರಡಿಯ ಕಣ. ವ್ಯತ್ಯಾಸವಿಷ್ಟೇ: ಅಲ್ಲಿ ಸಿಟ್ಟನ್ನು ಬಿತ್ತಿದವನು ಎದುರಾಳಿ, ಇಲ್ಲಿ ಬಿತ್ತಿದವರು ಕಾವಿ ತೊಟ್ಟ ನಾವು.

ಸಿಟ್ಟು ಗೆಲ್ಲಿಸುವುದೂ ಉಂಟು, ಸೋಲಿಸುವುದೂ ಉಂಟು ಎಂದ ಮೇಲೆ ಅದರ ದೋಷ ಎಲ್ಲಿದೆ? ನಮಗೆ ತಿಳಿದಷ್ಟನ್ನು ಹೇಳುತ್ತೇವೆ. ಆ ಹುಡುಗನಿಗೆ ಮೂರು ರಾತ್ರಿ ಕಣ್ಣ ಮುಂದೆ ಬಂದು ನಿಂತವನು ಗೋಕಾಕ ಸೀಮೆಯ ಆ ಒಕ್ಕಲಿಗನ ಮಗನಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿಯೂ ಇರಲಿಲ್ಲ. ಬಂದು ನಿಂತವನು ಹುಡುಗನ ಮನಸ್ಸೇ ಕಟ್ಟಿದ ಗೊಂಬೆ. ಅದಕ್ಕೆ ಹೊಟ್ಟೆ ಹಸಿಯುವುದಿಲ್ಲ, ಅದಕ್ಕೆ ತಾಯಿಯಿಲ್ಲ, ಅದಕ್ಕೆ ನಿದ್ದೆ ಬಾರದ ರಾತ್ರಿಯಿಲ್ಲ. ಅಂಜಿದವನು ಆ ಗೊಂಬೆಯನ್ನು ದೊಡ್ಡದು ಮಾಡಿ ನೋಡುತ್ತಾನೆ. ದ್ವೇಷಿಸುವವನು ಅದೇ ಗೊಂಬೆಗೆ ಕೋರೆಹಲ್ಲು ಬರೆಯುತ್ತಾನೆ. ಗೊಂಬೆ ಒಂದೇ. ನಾವು ಮಾಡಿದ ಉಪಕಾರವೆಂದರೆ ಅದನ್ನು ಒಡೆಯದೆ ಬಣ್ಣ ಬದಲಿಸಿ ಕೊಟ್ಟದ್ದು. ಹುಡುಗನು ಮರುದಿನ ಕೈ ತಿರುವಿದ್ದು ಗೊಂಬೆಯದು, ಮುರಿದದ್ದು ಮನುಷ್ಯನದು.

ಕೆನಡಾ ದೇಶದ ಜಾರ್ಜ್ ಸೇಂಟ್ ಪಿಯೆರ್ ಈ ಮಿಶ್ರ ಸಮರದಲ್ಲಿ ಬಹುಕಾಲ ಪಟ್ಟವನ್ನಾಳಿದವನು. ಪ್ರತಿ ಕಾದಾಟಕ್ಕೆ ಮುಂಚೆಯೂ ತನಗೆ ಅಂಜಿಕೆಯಾಗುತ್ತಿತ್ತೆಂದು, ಆ ಕಾಯುವ ಹೊತ್ತೇ ತನಗೆ ಬೇಡವಾಗಿತ್ತೆಂದು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಹೇಡಿಯೆಂದು ಅವನನ್ನು ಕರೆದವರಿಲ್ಲ. 2007ರಲ್ಲಿ ಮ್ಯಾಟ್ ಸೆರಾ ಎಂಬುವನು, ಯಾರೂ ಎಣಿಸದಿದ್ದಾಗ, ಅವನನ್ನು ಕೆಡವಿ ಪಟ್ಟವನ್ನು ಕಸಿದುಕೊಂಡನು. ಆ ಸೋಲಿನ ಕೊರಗು ಬಿಡದಿದ್ದಾಗ, ಮನಶ್ಶಾಸ್ತ್ರ ಬಲ್ಲ ತರಬೇತುದಾರನ ಸಲಹೆಯಂತೆ ಒಂದು ಇಟ್ಟಿಗೆಯ ಮೇಲೆ ಸೆರಾನ ಹೆಸರನ್ನು ಬರೆದು ಅದನ್ನು ಹೊಳೆಗೆ ಎಸೆದನಂತೆ. 2008ರ ಏಪ್ರಿಲಿನಲ್ಲಿ ಮಾಂಟ್ರಿಯಲ್ ನಗರದಲ್ಲಿ ಪಟ್ಟವನ್ನು ಮರಳಿ ಪಡೆದನು. ಹೊಳೆಗೆ ಬಿದ್ದದ್ದು ಎದುರಾಳಿಯಲ್ಲ ಎಂಬುದನ್ನು ನೋಡಬೇಕು. ಎದುರಾಳಿಯು ಮಾಂಟ್ರಿಯಲ್ಲಿಗೆ ಬಂದು ಅವನ ಮುಂದೆ ನಿಂತಿದ್ದನು. ಬಿದ್ದದ್ದು ಅವನು ಹೊತ್ತು ತಿರುಗುತ್ತಿದ್ದ ಇಟ್ಟಿಗೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಎದುರಾಳಿಯನ್ನು ಹಸಿವು ನಿದ್ದೆಗಳುಳ್ಳ ಮನುಷ್ಯನೆಂದು ಕಂಡರೆ ಕೈ ಸಡಿಲವಾಗುವುದಿಲ್ಲವೆ? ಕನಿಕರಪಡುವವನು ಕೆಡವಿಯಾನೆ? ಇದು ಪೊಳ್ಳು ಆಕ್ಷೇಪವಲ್ಲ. ರಣದಲ್ಲಿ ಬಂಧುಗಳ ಮುಖ ಕಂಡು ಬಿಲ್ಲು ಕೆಳಗಿಟ್ಟ ಪಾರ್ಥನ ಕಥೆ ನಮ್ಮ ಮುಂದಿದೆ. ಇದಕ್ಕೆ ಉತ್ತರವನ್ನು ನಾವು ಗ್ರಂಥದಲ್ಲಿ ಹುಡುಕಿದೆವು, ಸಿಕ್ಕಿದ್ದು ತಾಲೀಮಿನ ಮಣ್ಣಿನಲ್ಲಿ. ಪೈಲವಾನರು ಕುಸ್ತಿಗೆ ಮುನ್ನ ಪರಸ್ಪರರ ಮೈಗೆ ಮಣ್ಣು ಹಚ್ಚುವುದನ್ನು ಎಲ್ಲರೂ ನೋಡಿದ್ದಾರೆ. ಬರಿಯ ಶಾಸ್ತ್ರವೆಂದು ನಾವೂ ತಿಳಿದಿದ್ದೆವು. ಅದರ ಕಾರಣವನ್ನು ಅನೇಕ ವರ್ಷಗಳ ಮೇಲೆ ಒಬ್ಬ ಹಿರಿಯ ವಸ್ತಾದನು ಹೇಳಿದನು. ಬೆವರಿದ ಮೈ ಜಾರುತ್ತದೆ. ಜಾರುವ ಮೈಯ ಮೇಲೆ ಹಿಡಿತ ನಿಲ್ಲದು. ನಾನು ಅವನಿಗೆ ಮಣ್ಣು ಹಚ್ಚುವುದು ನನ್ನ ಹಿಡಿತ ನಿಲ್ಲಲೆಂದು. ಅವನು ನನಗೆ ಹಚ್ಚಲು ನಾನು ಭುಜ ಕೊಡುವುದು? ಅವನ ಹಿಡಿತವೂ ನಿಲ್ಲಲೆಂದು. ನನ್ನನ್ನು ಕೆಡವುವ ಅನುಕೂಲವನ್ನು ನಾನೇ ಅವನಿಗೆ ಮಾಡಿಕೊಟ್ಟು, ಆಮೇಲೆ ಅವನನ್ನು ಕೆಡವಲು ನನ್ನ ಕೈಲಾದುದನ್ನೆಲ್ಲ ಮಾಡುತ್ತೇನೆ. ಇದರಲ್ಲಿ ಕನಿಕರವಿಲ್ಲ, ದ್ವೇಷವೂ ಇಲ್ಲ. ಎದುರಾಳಿಯು ಪೂರ್ಣಬಲದಿಂದ ನಿಂತಿದ್ದರೇನೇ ನನ್ನ ಬಲಕ್ಕೆ ಅರ್ಥವೆಂಬ ಒಪ್ಪಂದವಿದೆ. ಗೋಕಾಕ ಸೀಮೆಯ ಹುಡುಗನು ಆ ಒಪ್ಪಂದಕ್ಕೆಂದೇ ಕೈ ಚಾಚಿದ್ದನು.

ಆದರೆ ಮನಸ್ಸೊಂದನ್ನೇ ನಂಬಿ ಕೂರಲು ಹಿಂದಿನವರು ಭೋಳೇ ಜನರಾಗಿರಲಿಲ್ಲ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚಾದ ಮುಷ್ಟಿಯನ್ನು ತೊಟ್ಟು ಹೊಡೆದಾಡುತ್ತಾರೆ. ಅದಕ್ಕಿಂತ ಭೀಕರವಾದ ಆಟ ನಮ್ಮ ನಾಡಿನಲ್ಲಿಲ್ಲ. ಆದರೆ ಒಬ್ಬನ ತಲೆಯಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಕ್ರೋಧವು ಬಂದೇ ಬರುತ್ತದೆಂದು ತಿಳಿದವರು ಅದಕ್ಕೊಂದು ಗಡಿಯನ್ನು ಹೊರಗಿನಿಂದ ಕಟ್ಟಿದ್ದಾರೆ. ನಿಕಾಲಿ ಕುಸ್ತಿಗೂ ಪಂಚರಿದ್ದಾರೆ, ಮಿಶ್ರ ಸಮರಕ್ಕೂ ನಡುವೆ ನಿಂತು ಬಿಡಿಸುವವನಿದ್ದಾನೆ. ಆದರೆ ಅಂದು ಮೊದಲ ಕ್ಷಣದಲ್ಲಿಯೇ ಆದ ಅನಾಹುತಕ್ಕೆ ಪಂಚರು ಏನು ಮಾಡಿಯಾರು? ಹೊರಗಿನ ಗಡಿಗೆ ಮುಂಚೆ ಹಿಂದಿನ ರಾತ್ರಿಯಿದೆ.

ನಾವು ಅಂದು ಏನು ಹೇಳಬಹುದಾಗಿತ್ತು? ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಕೊಂಡಿದ್ದೇವೆ. ‘ನಡುಗುವುದು ಹೇಡಿತನವಲ್ಲ, ತಮ್ಮಾ, ಅವನ ಕೈಯೂ ಈಗ ನಡುಗುತ್ತಿರಬಹುದು’ ಎಂದಷ್ಟೇ ಹೇಳಿದ್ದರೆ ಸಾಕಾಗುತ್ತಿತ್ತೇನೋ. ನಿದ್ದೆ ಬರುತ್ತಿತ್ತೋ ಇಲ್ಲವೋ, ಸೋಲುತ್ತಿದ್ದನೋ ಏನೋ. ಸೋತ ಪೈಲವಾನನು ಮುಂದಿನ ಜಾತ್ರೆಗೆ ಮತ್ತೆ ಬರುತ್ತಾನೆ.

ಭುಜ ತಪ್ಪಿದವನು ಮತ್ತೆ ಯಾವ ಮೈದಾನಕ್ಕೂ ಬರಲಿಲ್ಲ. ಎಲುಬು ಕೂಡಿಸುವವರು ಕೂಡಿಸಿದರು, ದವಾಖಾನೆಗೂ ಹೋಗಿ ಬಂದರು. ಕೈ ಕಿವಿಯ ಎತ್ತರಕ್ಕೆ ಏಳದಾಯಿತು. ನಮ್ಮ ಹುಡುಗನು ಆ ಸುಗ್ಗಿಯಲ್ಲಿ ಅವರ ಊರಿಗೆ ಹೋಗಿದ್ದನು. ಆ ತಾಯಿ ಅವನನ್ನು ಒಳಗೆ ಕರೆಯಲಿಲ್ಲ, ನೀರು ಸಹ ಕೊಡಲಿಲ್ಲ. ಮರುವರ್ಷ ಮತ್ತೆ ಹೋಗಿ, ಕೇಳದೆಯೇ ಅವರ ಹೊಲದಲ್ಲಿ ನಾಲ್ಕು ದಿನ ಕಬ್ಬು ಕಡಿದನು. ನಾಲ್ಕನೆಯ ದಿನ ನೀರು ಕೊಟ್ಟರು. ಈ ಸಂಗತಿ ನಮಗೆ ತಿಳಿದದ್ದು ಅವನಿಂದಲ್ಲ. ಅವನ ವಸ್ತಾದನು ತೀರಿಕೊಳ್ಳುವ ಮುಂಚೆ ಹೇಳಿದ್ದು. ನಾವು ಆ ಮನೆಗೆ ಹೋದದ್ದು ಅದಕ್ಕೂ ಐದು ವರ್ಷ ತಡವಾಗಿ. ಸ್ವಾಮಿಗಳಾದವರಿಗೆ ತಪ್ಪೊಪ್ಪಿಕೊಳ್ಳಲು ಭಕ್ತರು ಬಿಡುವುದಿಲ್ಲ. ಪಾದಕ್ಕೆ ನೀರು ಹಾಕಿ, ಹಾಲು ಕೊಟ್ಟು, ಕಂಬಳಿ ಹಾಸಿ ಕೂರಿಸಿಬಿಡುತ್ತಾರೆ. ಆದರೂ ಹೇಳಿದೆವು. ಆ ತಾಯಿ ಕೇಳಿಸಿಕೊಂಡು ಒಳಗೆ ಹೋದಳು. ಮಗನು, “ಇರ್ಲಿ ಬಿಡ್ರಿ ಅಜ್ಜಾರ” ಎಂದನು.

ಅಂದಿನ ಪೈಲವಾನನಿಗೆ ಈಗ ಐವತ್ತು. ಅವನೇ ಈಗ ವಸ್ತಾದ. ಪುಣೆಯ ತರುಣನನ್ನು ಬೀಳ್ಕೊಟ್ಟ ಮರುವಾರ ನಾವು ಆ ಕಡೆ ಹೋಗಿದ್ದಾಗ ತಾಲೀಮಿನಲ್ಲಿ ಇಳಿದೆವು. ಮರುದಿನ ಅವನ ಇಬ್ಬರು ಹುಡುಗರಿಗೆ ಕುಸ್ತಿಯಿತ್ತು. ಒಬ್ಬನು ಸನಿಕೆ ಹಿಡಿದು ಕಣವನ್ನು ಅಗೆಯುತ್ತಿದ್ದನು; ಜತೆಗೆ ಅಗೆಯುತ್ತಿದ್ದವನು ಯಾರೆಂದು ವಿಚಾರಿಸಿದರೆ, ಮರುದಿನದ ಅವನ ಎದುರಾಳಿಯಂತೆ. ಒಂದು ದಿನ ಮೊದಲೇ ಕರೆಸಿಕೊಂಡು, ಇಬ್ಬರ ಕೈಯಿಂದಲೂ ಒಂದೇ ಕಣದ ಮಣ್ಣನ್ನು ಅಗೆಸಿ, ಒಂದೇ ತಾಟಿನಲ್ಲಿ ಊಟಕ್ಕೆ ಕೂರಿಸುವುದು ತನ್ನ ಪದ್ಧತಿ ಎಂದನು. ಹಿಂಗ ಮಾಡಿದರೆ ಕುಸ್ತಿ ಸಪ್ಪಗಾಗುವುದಿಲ್ಲವೇ ಎಂದು ಕೇಳಿದೆವು. “ನಾಳಿ ಬಂದ ನೋಡ್ರಿ” ಎಂದನು. ಆಮೇಲೆ, ಮಣ್ಣಿಗೆ ಹಾಕಲು ತಂದ ಮಜ್ಜಿಗೆ ಸಾಲದೆಂದು, ಅಗೆಯುತ್ತಿದ್ದವರಲ್ಲಿ ಚಿಕ್ಕವನನ್ನು ಮನೆಗೆ ಓಡಿಸಿದನು.